ಪರದೆಯ ಆವೃತ್ತಿ

ಗಣಕಯಂತ್ರದ ಪರದೆಯ ಮೇಲೆ ನಾವು ಕಾಣುವ ಓಟವು ವಾಸ್ತವದಲ್ಲಿ ಒಂದರ ಹಿಂದೊಂದು ಬರುವ ನಿಶ್ಚಲಚಿತ್ರಗಳೇ ಸರಿ. ಪರದೆಯು ಸೆಕೆಂಡಿಗೆ ಎಷ್ಟಾವೃತ್ತಿ ಹೊಸತಾಗುವುದೆಂಬುದನ್ನು ಹರ್ಟ್ಸ್ ಎಂಬ ಮಾನದಿಂದ ಹೇಳುವರು. 60 ಹರ್ಟ್ಸಿನಲ್ಲಿ ಒಂದು ಚಿತ್ರವು ಸುಮಾರು 16.7 ಮಿಲಿಸೆಕೆಂಡು ನಿಲ್ಲುವುದು. 144ರಲ್ಲಿ ಸುಮಾರು 7. ಕಾರಿನ ಪಂದ್ಯದಂಥ ಆಟಗಳಲ್ಲಿ ಈ ಅಂತರವು ಕಣ್ಣಿಗೆ ತಿಳಿಯುವುದು; ಚದುರಂಗದಲ್ಲಿ ತಿಳಿಯದು.

240ರ ಪರದೆಯೇ ಬೇಕೆಂದು ಹಟಹಿಡಿಯುವ ನಮ್ಮ ಬಾಲಿಕೆಯರು ಒಂದನ್ನು ವಿಚಾರಿಸತಕ್ಕದ್ದು. ಯಂತ್ರವು ಸೆಕೆಂಡಿಗೆ 60 ಚಿತ್ರಗಳನ್ನು ಮಾತ್ರ ರಚಿಸಿಕೊಡುವುದಾದರೆ, ಪರದೆಯು ಒಂದೊಂದನ್ನೂ ನಾಲ್ಕಾವೃತ್ತಿ ತೋರಿಸುವುದಲ್ಲದೆ ಮತ್ತೇನು ಮಾಡೀತು? ತಾಯಿತಂದೆಗಳ ಹಣವು (ಅದು ಸುಲಭವಾಗಿ ಬಂದುದಲ್ಲ) ಬಹುಮಟ್ಟಿಗೆ ವ್ಯರ್ಥವಾಗುವುದು. ಇದಲ್ಲದೆ, 144ರ ಪರದೆಯನ್ನು ಕೊಂಡವರೂ ಗಣಕದ ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ಸಂಖ್ಯೆಯನ್ನು 60ರಲ್ಲಿಯೇ ಬಿಟ್ಟಿರುವುದುಂಟು. ಹೊಸದನ್ನು ಬೇಡುವ ಮುಂಚೆ ಅಲ್ಲಿ ನೋಡಿಕೊಳ್ಳಿರಿ.