ಸಿಗ್ನಲ್‌ನಲ್ಲಿ ನಿಂತ್ರೆ ಎಂಜಿನ್ ಹೀಟ್ ಆಗೋದ್ಯಾಕೆ?

ಹೈವೇಲಿ ತಣ್ಣಗೆ ಓಡೋ ಕಾರು, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ ಕೂಡ್ಲೇ ಟೆಂಪರೇಚರ್ ಮುಳ್ಳು ಮೇಲೇರುತ್ತಾ? ಮೊದಲ ಅನುಮಾನ ರೇಡಿಯೇಟರ್ ಫ್ಯಾನ್ ಮೇಲೆ.

ಓಡುವಾಗ ಎದುರುಗಾಳಿನೇ ರೇಡಿಯೇಟರನ್ನ ತಣ್ಣಗಿಡುತ್ತೆ. ನಿಂತಾಗ ಆ ಕೆಲಸವೆಲ್ಲ ಫ್ಯಾನಿನದೇ.

ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಎಸಿ ಹಾಕಿ. ಬಹುತೇಕ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೇ ಫ್ಯಾನ್ ತಿರುಗಬೇಕು. ತಿರುಗ್ತಿಲ್ವಾ? ಫ್ಯೂಸ್ ನೋಡಿ. ಅದು ಸರಿ ಇದ್ರೆ ರಿಲೇ. ಫ್ಯೂಸ್ ಬಾಕ್ಸ್‌ನಲ್ಲೇ ಅದೇ ನಂಬರಿನ ಇನ್ನೊಂದು ರಿಲೇ ಇದ್ರೆ ಅದಲುಬದಲು ಮಾಡಿ ನೋಡಬಹುದು. ಆಮೇಲೆ ಮೆಕ್ಯಾನಿಕ್ ಹತ್ರ ಮೋಟರ್‌ಗೆ ನೇರವಾಗಿ 12 ವೋಲ್ಟ್ ಕೊಡಿಸಿ. ಆಗ ತಿರುಗಿದ್ರೆ ಮೋಟರ್ ಸರಿ. ತೊಂದರೆ ಸೆನ್ಸರ್‌ದೋ ವೈರಿಂಗ್‌ದೋ. ಕೈ ಮಾತ್ರ ದೂರ ಇರಲಿ. ಕೆಲವು ಕಾರುಗಳಲ್ಲಿ ಕೀ ಆಫ್ ಇದ್ರೂ ಫ್ಯಾನ್ ತಟ್ಟನೆ ತಿರುಗುತ್ತೆ!

ಫ್ಯಾನ್ ಚೆನ್ನಾಗೇ ಇದ್ರೆ? ಕೂಲಂಟ್ ಮಟ್ಟ ನೋಡಿ, ರೇಡಿಯೇಟರ್ ಫಿನ್‌ಗಳಲ್ಲಿ ಕೂತ ಧೂಳು ನೋಡಿ. ಕ್ಯಾಪ್‌ನ ರಬ್ಬರನ್ನೂ ನೋಡಿ. ಅದು ಬರೀ ಮುಚ್ಚಳ ಅಲ್ಲ, ಒತ್ತಡ ಹಿಡಿದಿಡುತ್ತೆ. ಅದರಿಂದಲೇ 100 ಡಿಗ್ರಿ ದಾಟಿದ್ರೂ ಕೂಲಂಟ್ ಕುದಿಯಲ್ಲ. ಬಿಸಿ ಇದ್ದಾಗ ಅದನ್ನ ತೆಗೆದ್ರೆ ಕುದಿಯೋ ನೀರು ನೇರ ಮುಖಕ್ಕೆ.

"ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಸಾರ್" ಅಂತಾರೆ ಕೆಲವರು. ಕೇಳಬೇಡಿ, ಎಂಜಿನ್ ಸರಿಯಾಗಿ ಕಾಯದೆ ಪೆಟ್ರೋಲ್ ಕುಡಿಯುತ್ತೆ.

ಮುಳ್ಳು ಈಗಲೇ ಕೆಂಪಿಗೆ ಹೋಯ್ತಾ? ಎಸಿ ಆಫ್, ಹೀಟರ್ ಫುಲ್. ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ. ಪೂರ್ತಿ ತಣ್ಣಗಾಗೋವರೆಗೆ ಕ್ಯಾಪ್ ಮುಟ್ಟಬೇಡಿ.