ಕುಂಡದಲ್ಲಿ ಜರೀಗಿಡ

ಹಳೆಯ ಬಾವಿಯ ಒಳಗೋಡೆ, ನೀರು ಜಿನುಗುವ ಕಲ್ಲುಸಂದಿ, ತೋಟದ ಕಾಲುವೆಯ ಬದಿ. ಇಂಥ ಕಡೆಗಳಲ್ಲಿ ಬಾಚಣಿಗೆಯಂತೆ ಸೀಳಿದ ಎಲೆಗಳುಳ್ಳ ಹಸಿರು ಗಿಡವನ್ನು ನೀವು ನೋಡಿರಬಹುದು. ಅದೇ ಜರೀಗಿಡ. ಅದು ಹೂ ಬಿಡುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಎಲೆಯ ಚೆಲುವಿಗಾಗಿಯೇ ಜನ ಅದನ್ನು ಕುಂಡದಲ್ಲಿ ಬೆಳೆಸುತ್ತಾರೆ. ಆದರೆ ಕಾಡಿನಲ್ಲಿ ಯಾರ ಆರೈಕೆಯೂ ಇಲ್ಲದೆ ಸೊಂಪಾಗಿ ಬೆಳೆಯುವ ಗಿಡ, ಕುಂಡಕ್ಕೆ ಬಂದ ಮೇಲೆ ದಿನಾ ನೀರು ಹಾಕಿದರೂ ಎಷ್ಟೋ ಸಲ ಎಲೆಯಂಚು ಕಂದಿ ಒಣಗಿಹೋಗುತ್ತದೆ. ಏಕೆ ಹೀಗೆ?

ಉತ್ತರಕ್ಕಾಗಿ ಒಂದು ಬಾಟಲಿಯ ಕತೆ ಕೇಳಿ. ಲಂಡನ್ ನಗರದಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯರಿದ್ದರು. ಅವರು ಆಸೆಯಿಂದ ಬೆಳೆಸಿದ್ದ ಜರೀಗಿಡಗಳು ಊರಿನ ಕಲ್ಲಿದ್ದಲ ಹೊಗೆಗೆ ಸತ್ತುಹೋಗಿದ್ದವು. 1829ರಲ್ಲಿ ಅವರು ಪತಂಗವೊಂದರ ಗೂಡುಹುಳುವನ್ನು ಒದ್ದೆಮಣ್ಣಿನೊಂದಿಗೆ ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಳ ಹಾಕಿದರು. ಪತಂಗ ಹೊರಬರುವುದನ್ನು ನೋಡಬೇಕೆಂಬುದು ಅವರ ಉದ್ದೇಶ. ಆದರೆ ಕೆಲವು ದಿನಗಳಲ್ಲಿ ಆ ಮಣ್ಣಿನಿಂದ ತಲೆಯೆತ್ತಿದ್ದು ಒಂದು ಜರೀಗಿಡ, ಜೊತೆಗೊಂದು ಹುಲ್ಲು! ಹಗಲಿನ ಶಾಖಕ್ಕೆ ಮಣ್ಣಿನ ನೀರು ಆವಿಯಾಗಿ ಏಳುತ್ತಿತ್ತು. ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಯಾರೂ ನೀರು ಹಾಕದೆಯೇ ಆ ಗಿಡಗಳು ಸುಮಾರು ನಾಲ್ಕು ವರ್ಷ ಬದುಕಿದವು. 1833ರಲ್ಲಿ ವಾರ್ಡ್ ಇಂಥದೇ ಗಾಜಿನ ಪೆಟ್ಟಿಗೆಗಳಲ್ಲಿ ಜರೀಗಿಡಗಳನ್ನು ಹಡಗಿನ ಮೂಲಕ ಆಸ್ಟ್ರೇಲಿಯಾದ ಸಿಡ್ನಿಗೆ ಕಳಿಸಿದರು. ತಿಂಗಳುಗಟ್ಟಲೆ ಸಮುದ್ರಯಾನದ ನಂತರವೂ ಅವು ಜೀವಂತವಾಗಿದ್ದವು. ಮುಂದೆ ಚೀನಾದಿಂದ ಭಾರತಕ್ಕೆ ಚಹಾ ಸಸಿಗಳು ಬಂದದ್ದೂ ಇಂಥ ಪೆಟ್ಟಿಗೆಗಳಲ್ಲೇ.

ಈ ಕತೆಯಲ್ಲೇ ಉತ್ತರವಿದೆ. ಜರೀಗಿಡಕ್ಕೆ ಮಣ್ಣು ತೇವವಾಗಿದ್ದರೆ ಸಾಲದು, ಸುತ್ತಲಿನ ಗಾಳಿಯೂ ತೇವವಾಗಿರಬೇಕು. ಅದರ ಎಲೆಗಳು ಸಾಮಾನ್ಯವಾಗಿ ತೆಳು. ಒಣಗಾಳಿ ಬೀಸಿದರೆ, ಬೇರು ನೀರು ಪೂರೈಸುವುದಕ್ಕಿಂತ ಬೇಗನೆ ಎಲೆಯಿಂದ ನೀರು ಆರಿಹೋಗುತ್ತದೆ.

ಆದ್ದರಿಂದ ಕುಂಡ ಇಡುವ ಜಾಗವೇ ಬಹಳ ಮುಖ್ಯ. ಮರದ ನೆರಳು, ನೀರಿನ ತೊಟ್ಟಿಯ ಪಕ್ಕ, ಬಿಸಿಲು ನೇರವಾಗಿ ಬೀಳದ ಜಗಲಿ ಒಳ್ಳೆಯದು. ನೆರಳೆಂದರೆ ಕತ್ತಲೆಯಲ್ಲ. ದೀಪವಿಲ್ಲದೆ ಪುಸ್ತಕ ಓದುವಷ್ಟು ಬೆಳಕು ಬೇಕೇ ಬೇಕು. ನಾಲ್ಕಾರು ಕುಂಡಗಳನ್ನು ಒತ್ತೊತ್ತಾಗಿ ಇಟ್ಟರೆ ಒಂದರ ತೇವ ಇನ್ನೊಂದಕ್ಕೆ ಸಿಗುತ್ತದೆ. ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ನೀರು ಹಾಕಿ, ಅದರ ಮೇಲೆ ಕುಂಡ ಇಡುವುದೂ ಉಂಟು. ಕುಂಡದ ತಳ ಮಾತ್ರ ನೀರಿನಲ್ಲಿ ಮುಳುಗಬಾರದು, ಬೇರು ಕೊಳೆಯುತ್ತದೆ.

ತಳದ ತೂತಿನ ಮೇಲೆ ಒಂದು ಬೋಕಿಬಿಲ್ಲೆ ಇಡಿ. ತೋಟದ ಮಣ್ಣು, ಮರಳು, ಚೆನ್ನಾಗಿ ಕೊಳೆತ ಎಲೆಗೊಬ್ಬರ ಸಮವಾಗಿ ಬೆರೆಸಿ ತುಂಬಿ. ಹಸಿ ಸಗಣಿ ಬೇಡ. ಮಣ್ಣನ್ನು ಬೆರಳಿಂದ ಮುಟ್ಟಿ ನೋಡಿ, ಮೇಲ್ಪದರ ಆರುತ್ತಿದೆ ಎನ್ನಿಸಿದಾಗ ನೀರು ಹಾಕಿ.

ಯಾವ ಜರೀಗಿಡ ಆರಿಸಬೇಕು? ಕಪ್ಪು ಕಡ್ಡಿಯ, ಪುಟ್ಟ ಎಲೆಗಳ ಅಡಿಯಾಂಟಮ್ ಬಹಳ ಚೆಂದ. ನೀರಿನಲ್ಲಿ ಅದ್ದಿ ತೆಗೆದರೂ ಅದರ ಎಲೆ ಒದ್ದೆಯಾಗುವುದಿಲ್ಲ! ಆದರೆ ಒಂದು ದಿನ ಒಣಗಿದರೂ ಮುದುಡಿಬಿಡುವ ನಾಜೂಕಿನ ಗಿಡವದು. ಮೊದಲ ಸಲ ಬೆಳೆಸುವವರಿಗೆ ಬಾಸ್ಟನ್ ಫರ್ನ್ ಎಂದು ನರ್ಸರಿಗಳಲ್ಲಿ ಸಿಗುವ ನೆಫ್ರೋಲೆಪಿಸ್ ವಾಸಿ. ಅದು ದಾರದಂಥ ಹಂಬುಗಳನ್ನು ಹರಡಿ ತಾನೇ ಮರಿಗಿಡ ಮಾಡುತ್ತದೆ. ಬೇಸಿಗೆ ರಜೆ ಶಾಲೆಯ ಕುಂಡಗಳಿಗೆ ಕಷ್ಟಕಾಲ. ಮರದ ನೆರಳಿನಲ್ಲಿ ಗುಂಡಿ ತೋಡಿ, ಮಣ್ಣಿನ ಕುಂಡಗಳನ್ನು ಕಂಠದವರೆಗೆ ಹೂತು, ತರಗೆಲೆ ಮುಚ್ಚಿದರೆ ತೇವ ಬೇಗ ಆರುವುದಿಲ್ಲ. ಆದರೂ ಶಾಲೆಯ ಹತ್ತಿರ ಮನೆಯಿರುವ ಯಾರಾದರೂ ಆಗಾಗ ನೀರು ಹಾಕಲೇಬೇಕು.

ಎಲೆಯ ಹಿಂಬದಿಯಲ್ಲಿ ಕಂದು ಚುಕ್ಕೆಗಳು ಕಂಡರೆ ರೋಗ ಬಂತೆಂದು ಕಿತ್ತೆಸೆಯುವವರಿದ್ದಾರೆ. ಸ್ವಲ್ಪ ತಡೆಯಿರಿ. ಚುಕ್ಕೆಗಳು ಸಾಲಾಗಿ, ಒಂದೇ ಅಳತೆಯಲ್ಲಿದ್ದರೆ ಅದು ರೋಗವಲ್ಲ, ಬೀಜಕಗಳ ಗುಂಪು. ಅಡ್ಡಾದಿಡ್ಡಿಯಾಗಿ ಕಡ್ಡಿಯ ಮೇಲೂ ಅಂಟಿಕೊಂಡಿದ್ದರೆ ಅದು ಶಲ್ಕಕೀಟ ಇರಬಹುದು, ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಬೀಜಕದಿಂದಲೇ ಗಿಡ ಬೆಳೆಸಬಹುದು. ಕಾಡಿನಿಂದ ಬುಡಸಮೇತ ಕಿತ್ತು ತಂದ ಗಿಡ ಸಾಮಾನ್ಯವಾಗಿ ಉಳಿಯುವುದಿಲ್ಲ, ಅಲ್ಲಿ ಒಂದು ಗಿಡ ಕಡಿಮೆಯಾದದ್ದಷ್ಟೇ ಲಾಭ! ಚುಕ್ಕೆಯಿರುವ ಒಂದು ಎಲೆ ತಂದರೆ ಸಾಕು. ಚುಕ್ಕೆಯ ಬದಿ ಕೆಳಗಾಗುವಂತೆ ಬಿಳಿ ಕಾಗದದ ಮೇಲಿಟ್ಟು ಮೇಲೊಂದು ಕಾಗದ ಮುಚ್ಚಿ. ಎರಡು ಮೂರು ದಿನಗಳಲ್ಲಿ ಕಂದು ಧೂಳು ಉದುರಿರುತ್ತದೆ. ಇಟ್ಟಿಗೆ ಚೂರೊಂದನ್ನು ದೊಡ್ಡವರ ಸಹಾಯದಿಂದ ನೀರಿನಲ್ಲಿ ಕುದಿಸಿ, ಆರಿದ ಮೇಲೆ ಗಾಜಿನ ಬಾಟಲಿಯಲ್ಲಿಡಿ. ಕುದಿಸಿ ಆರಿಸಿದ ನೀರನ್ನು ತಳದಲ್ಲಿ ಸ್ವಲ್ಪ ಹಾಕಿ, ಇಟ್ಟಿಗೆಯ ಮೇಲೆ ಆ ಧೂಳನ್ನು ಉದುರಿಸಿ ಮುಚ್ಚಳ ಹಾಕಿ. ನೇರ ಬಿಸಿಲು ಬೀಳದ ಕಿಟಕಿಯ ಬಳಿ ಇಡಿ.

ಕೆಲವು ವಾರಗಳಲ್ಲಿ ಇಟ್ಟಿಗೆಯ ಮೇಲೆ ಹಸಿರು ಲೇಪ ಕಾಣುತ್ತದೆ. ಆಮೇಲೆ ಚಿಕ್ಕ ಹೃದಯದ ಆಕಾರದ ಹಸಿರು ಚೂರುಗಳು ಮೂಡುತ್ತವೆ. ಇವು ಜರೀಗಿಡದಂತೆ ಕಾಣುವುದೇ ಇಲ್ಲ! ಇವುಗಳ ಅಡಿಯಲ್ಲಿ ಗಂಡು ಕೋಶಗಳು ನೀರಿನ ತೆಳುಪದರದಲ್ಲಿ ಈಜಿ ಹೋಗಿ ಹೆಣ್ಣು ಕೋಶವನ್ನು ಸೇರಬೇಕು. ಆಗಲೇ ನಿಜವಾದ ಜರೀಗಿಡ ಹುಟ್ಟುವುದು. ಆದ್ದರಿಂದ ಈ ಹಂತದಲ್ಲಿ ಕುದಿಸಿ ಆರಿಸಿದ ನೀರನ್ನು ಆಗಾಗ ತೆಳುವಾಗಿ ಚಿಮುಕಿಸಿ. ಮೊದಲ ಪುಟ್ಟ ಎಲೆ ಕಾಣಲು ತಿಂಗಳುಗಳೇ ಹಿಡಿಯುತ್ತವೆ. ಧೂಳು ಉದುರಿಸಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಬಾಟಲಿಗೆ ಅಂಟಿಸಿಡಿ.