ನಿಮಗಿದು ಗೊತ್ತೇ? ಒಂದೇ ಮನೆಗೆ ಎರಡು ದೋಣಿ!

● ನೆರೆ ಬಂದಾಗ ಒಂದೇ ಮನೆಗೆ ಎರಡು ದೋಣಿ ಹೋಗುವುದು, ಪಕ್ಕದ ಬೀದಿಗೆ ಒಂದೂ ಹೋಗದಿರುವುದು ಹೊಸದೇನಲ್ಲ. ಅದಕ್ಕೇ ವಿಪತ್ತು ನಿರ್ವಹಣೆಯ ಸಾಫ್ಟ್‌ವೇರ್‌ಗಳು ಮೊದಲು ಕೇಳುವುದು ಇಷ್ಟೇ: ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆ?

● 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗ ಯುವ ಎಂಜಿನಿಯರುಗಳು ಸರ್ಕಾರದ ಐಟಿ ಮಿಷನ್ ಜತೆ ಸೇರಿ 'ಕೇರಳ ರೆಸ್ಕ್ಯೂ' ಜಾಲತಾಣ ಕಟ್ಟಿದರು. ಅದರ ಕೋಡ್ ಎಲ್ಲರಿಗೂ ಮುಕ್ತ. ಸಿಕ್ಕಿಬಿದ್ದವರ ಕೋರಿಕೆ, ಶಿಬಿರಗಳ ಬೇಡಿಕೆ, ಸ್ವಯಂಸೇವಕರ ಹೆಸರು ಎಲ್ಲವೂ ಒಂದೇ ಕಡೆ. ಇಷ್ಟಾದರೂ ನೀರಿಗಿಳಿದು ಬಹಳಷ್ಟು ಜನರನ್ನು ಕರೆತಂದದ್ದು ಲಾರಿಗಳಲ್ಲಿ ದೋಣಿ ಹೇರಿಕೊಂಡು ಬಂದ ಮೀನುಗಾರರು. ಆ ಶ್ರೇಯಸ್ಸನ್ನು ಯಾವ ಆ್ಯಪ್‌ಗೂ ಕೊಡುವಂತಿಲ್ಲ.

● ವಿಪತ್ತಿನಲ್ಲಿ ಕೆಲಸ ಹಂಚುವ ವ್ಯವಸ್ಥೆಯ ಬೇರು ಕಂಪ್ಯೂಟರಿನಲ್ಲಿಲ್ಲ, ಕಾಡ್ಗಿಚ್ಚಿನಲ್ಲಿದೆ! 1970ರಲ್ಲಿ ಕ್ಯಾಲಿಫೋರ್ನಿಯಾ ಹೊತ್ತಿ ಉರಿದಾಗ ಒಂದು ಇಲಾಖೆಯ ರೇಡಿಯೊ ಇನ್ನೊಂದಕ್ಕೆ ಕೇಳಿಸುತ್ತಿರಲಿಲ್ಲ, ಆದೇಶ ಯಾರದೆಂಬುದೇ ಗೊಂದಲ. ಆ ಪಾಠದಿಂದ ಹುಟ್ಟಿದ್ದು ಯಾರು ಯಾರ ಆದೇಶ ಪಾಲಿಸಬೇಕೆಂದು ಹೇಳುವ 'ಇನ್ಸಿಡೆಂಟ್ ಕಮಾಂಡ್ ಸಿಸ್ಟಂ'. ಒಬ್ಬರ ಕೈಕೆಳಗೆ 3ರಿಂದ 7 ಮಂದಿ ಇರಬೇಕು. 5 ಆದರೆ ಉತ್ತಮ ಎನ್ನುತ್ತದೆ ಅದು. ಭಾರತವೂ 2010ರಲ್ಲಿ ಇದೇ ಮಾದರಿಯ ಮಾರ್ಗಸೂಚಿ ತಂದಿತು. ಅದರಂತೆ ಜಿಲ್ಲೆಯ ಹೊಣೆ ಜಿಲ್ಲಾಧಿಕಾರಿಯದು.

● 2004ರ ಡಿಸೆಂಬರ್ 26ರ ಸುನಾಮಿ ಬಳಿಕ ಶ್ರೀಲಂಕಾದ ಸಾಫ್ಟ್‌ವೇರ್ ಮಂದಿ ತಮ್ಮ ಕೆಲಸ ಬದಿಗಿಟ್ಟು ಕೆಲವೇ ವಾರಗಳಲ್ಲಿ ರೂಪಿಸಿದ್ದು 'ಸಹನಾ' ಎಂಬ ತಂತ್ರಾಂಶ. ಕಾಣೆಯಾದವರ ಪಟ್ಟಿ ಒಂದು ವಿಭಾಗ. ಶಿಬಿರದಲ್ಲಿ ಎಷ್ಟು ಜನ ಎಂಬುದು ಇನ್ನೊಂದು. ಯಾವ ಸಂಸ್ಥೆ ಯಾವ ಊರಲ್ಲಿದೆ ಎಂಬುದು ಮತ್ತೊಂದು. ಬಂದ ಬೇಡಿಕೆಗೂ ಕೈಯಲ್ಲಿರುವ ಸಾಮಗ್ರಿಗೂ ತಾಳೆ ಹಾಕುವುದೂ ಅದರ ಕೆಲಸವೇ. ಮರುವರ್ಷದ ಪಾಕಿಸ್ತಾನ ಭೂಕಂಪದಲ್ಲೂ ಬಳಕೆಯಾಯಿತು. 2006ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಇದನ್ನು ಪ್ರಶಸ್ತಿ ಕೊಟ್ಟು ಗೌರವಿಸಿತು.

● 2005ರ ಕತ್ರೀನಾ ಚಂಡಮಾರುತದ ನಂತರ ಅಮೆರಿಕದಲ್ಲಿ ಕಾಣೆಯಾದವರ ಪಟ್ಟಿಗಳು ಹತ್ತಾರು ತಾಣಗಳಲ್ಲಿ ಚದುರಿದ್ದವು. ಎಲ್ಲವನ್ನೂ ಜೋಡಿಸಲು ಸ್ವಯಂಸೇವಕರು ಒಂದು ಸಮಾನ ನಮೂನೆಯನ್ನೇ ರೂಪಿಸಿದರು. ಮುಂದೆ ಗೂಗಲ್‌ನ 'ಪರ್ಸನ್ ಫೈಂಡರ್' ನಿಂತದ್ದು ಅದರ ಮೇಲೆ.

● 2010ರ ಜನವರಿ 12ರಂದು ಹೈಟಿಯಲ್ಲಿ ಭೂಮಿ ನಡುಗಿತು. ಜನ 4636 ಸಂಖ್ಯೆಗೆ ಎಸ್ಸೆಮ್ಮೆಸ್ ಕಳಿಸಿದರು. ಬರೆದದ್ದು ತಮ್ಮ ಕ್ರಿಯೋಲ್ ನುಡಿಯಲ್ಲಿ. ನೆರವಿಗೆ ಬಂದ ಬಹುತೇಕ ವಿದೇಶಿ ತಂಡಗಳಿಗೆ ಅದು ಅರ್ಥವಾಗದು. ದೂರದೇಶಗಳಲ್ಲಿ ನೆಲೆಸಿದ್ದ ಹೈಟಿಯನ್ನರೇ ಅವನ್ನು ಇಂಗ್ಲಿಷಿಗೆ ತಂದರು, ಊರಿನ ಓಣಿಗಳ ಗುರುತು ಹಿಡಿದು ನಕ್ಷೆಯಲ್ಲಿ ತೋರಿಸಿದರು. ಕೀನ್ಯಾದಲ್ಲಿ 2008ರ ಚುನಾವಣಾ ಗಲಭೆಯ ವೇಳೆ ಹುಟ್ಟಿದ್ದ 'ಉಷಾಹಿದಿ' ನಕ್ಷೆಗೆ ಬಾಸ್ಟನ್ ಬಳಿಯ ಟಫ್ಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಈ ಮಾಹಿತಿ ತುಂಬಿದರು.

● ನೆಟ್‌ವರ್ಕ್ ಸತ್ತರೆ? ಗೋಡೆ ಇದೆಯಲ್ಲ! ಕುಸಿದ ಕಟ್ಟಡ ಶೋಧಿಸುವ ಅಂತರರಾಷ್ಟ್ರೀಯ ತಂಡಗಳು ಈಗಲೂ ಸ್ಪ್ರೇ ಬಣ್ಣದಲ್ಲಿ ಚೌಕಟ್ಟು ಬರೆದು ತಂಡದ ಗುರುತು, ದಿನಾಂಕ ನಮೂದಿಸುತ್ತವೆ.

● 2015ರ ನೇಪಾಳ ಭೂಕಂಪಕ್ಕೆ ಮುಂಚೆಯೇ 'ಕಾಠ್ಮಂಡು ಲಿವಿಂಗ್ ಲ್ಯಾಬ್ಸ್' ಎಂಬ ಸ್ಥಳೀಯ ತಂಡ ಕಣಿವೆಯ ಶಾಲೆ, ಆಸ್ಪತ್ರೆಗಳನ್ನು ಎಲ್ಲರೂ ತಿದ್ದಬಹುದಾದ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸತೊಡಗಿತ್ತು. ಕಂಪನದ ಬಳಿಕ ಉಳಿದ ಪ್ರದೇಶವನ್ನು ಚೌಕಗಳಾಗಿ ಸೀಳಿ ಜಗತ್ತಿನ ಸಾವಿರಾರು ಸ್ವಯಂಸೇವಕರಿಗೆ ಹಂಚಲಾಯಿತು. ಒಬ್ಬರು ಚೌಕ ಆರಿಸಿಕೊಂಡರೆ ಉಳಿದವರಿಗೆ ಅದು ಬೀಗ ಬಿದ್ದಂತೆ. ಉಪಗ್ರಹ ಚಿತ್ರ ನೋಡಿ ಅವರು ರಸ್ತೆ, ಮನೆ ಗುರುತಿಸಿದ ಮೇಲೆ ಇನ್ನೊಬ್ಬರು ಪರಿಶೀಲಿಸಿ ಒಪ್ಪಬೇಕು.